ಗ್ರೀನ್ ಡೇ ಮುಂಬೈಗೆ ಬರ್ತಿದೆ, ನಮ್ಮ ಹುಡುಗರಿಗೆ ಒಂದು ಜಾಗ ಕೊಡಿ

(ಇದು 2025ರ ಮಾರ್ಚ್‌ಗೆ ಮುಂಚೆ ಬರೆದಿದ್ದು.) ಅಮೆರಿಕದ ಪಂಕ್ ರಾಕ್ ಬ್ಯಾಂಡ್ ಗ್ರೀನ್ ಡೇ ಕೊನೆಗೂ ಭಾರತಕ್ಕೆ ಬರುತ್ತಿದೆ. ಈ 2025ರ ಮಾರ್ಚ್ 8 ಮತ್ತು 9ಕ್ಕೆ ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಲೊಲ್ಲಾಪಲೂಝಾ ಇಂಡಿಯಾ ಸಂಗೀತ ಉತ್ಸವ ಇದೆ. ಅದರ ಮುಖ್ಯ ಬ್ಯಾಂಡುಗಳಲ್ಲಿ ಇವರೂ ಒಬ್ಬರು. ಮಾರ್ಚ್ ಮೊದಲ ವಾರ ಆಸ್ಟ್ರೇಲಿಯಾದ ಶೋಗಳನ್ನು ಮುಗಿಸಿಕೊಂಡು ಇಲ್ಲಿಗೆ ಬರುತ್ತಾರೆ, ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವ. ಬ್ಯಾಂಡಿನ ಮೂವರಿಗೂ ಐವತ್ತು ದಾಟಿದೆ. ಇನ್ನೂ ಊರೂರು ತಿರುಗಿ ಬೆವರು ಸುರಿಸಿ ಹಾಡುತ್ತಿದ್ದಾರೆ.

ಟಿಕೆಟ್ ದುಡ್ಡು ಹೊಂದಿಸೋಕೆ ಆಗೋದಾದರೆ ದಯವಿಟ್ಟು ಹೋಗಿ. ಹುಬ್ಬಳ್ಳಿಯಲ್ಲಿ ಸಂಜೆ ಸ್ಲೀಪರ್ ಬಸ್ ಹತ್ತಿದರೆ ಬೆಳಗ್ಗೆ ಮುಂಬೈ. ಹೋದ ವರ್ಷ ಅವರು 'ಡೂಕಿ'ಗೆ 30 ವರ್ಷ, 'ಅಮೆರಿಕನ್ ಈಡಿಯಟ್'ಗೆ 20 ವರ್ಷ ಆಯ್ತು ಅಂತ ಎರಡೂ ಆಲ್ಬಮ್ ಅನ್ನು ಮೊದಲಿಂದ ಕೊನೆವರೆಗೆ ಒಂದೇ ಶೋನಲ್ಲಿ ನುಡಿಸಿದರು. ಉತ್ಸವದ ವೇದಿಕೆಯಲ್ಲಿ ಅಷ್ಟು ಹೊತ್ತು ಸಿಗೋದಿಲ್ಲ. ಆದರೂ ಹೋಗಿ.

ಆದರೆ ಈ ಬ್ಯಾಂಡ್ ಬೆಳೆದಿದ್ದು ಎಲ್ಲಿ ಅನ್ನೋದನ್ನೂ ತಿಳಿದುಕೊಂಡು ಹೋಗಿ. ಅಂಥ ಒಂದು ಜಾಗ ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಇಲ್ಲ ಅನ್ನೋದೇ ನನ್ನ ಸಂಕಟ.

ಬ್ಯಾಂಡಿನಲ್ಲಿ ಹಾಡೋದು, ಗಿಟಾರ್ ನುಡಿಸೋದು ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್. ಅವನು ಬೆಳೆದಿದ್ದು ಕ್ಯಾಲಿಫೋರ್ನಿಯಾದ ರೋಡಿಯೋ ಅನ್ನೋ ಸಣ್ಣ ಊರಲ್ಲಿ. ಎಣ್ಣೆ ಸಂಸ್ಕರಣಾ ಘಟಕದ ಪಕ್ಕದ ಊರು. ಅಪ್ಪ ಲಾರಿ ಡ್ರೈವರ್, ಜೊತೆಗೆ ಜಾಝ್ ಸಂಗೀತಗಾರ. 1982ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಮಗನಿಗೆ ಆಗ ಹತ್ತು ವರ್ಷ. ಅಮ್ಮ ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ ಮಾಡಿ ಮಕ್ಕಳನ್ನು ಸಾಕಿದರು. 1987ರಲ್ಲಿ ಬಿಲ್ಲಿ ಮತ್ತು ಅವನ ಗೆಳೆಯ ಮೈಕ್ ಡರ್ಂಟ್ ಮೊದಲ ಸಲ ಜನರ ಮುಂದೆ ನುಡಿಸಿದ್ದು ಅದೇ ಹೋಟೆಲಿನಲ್ಲಿ. ಆಗ ಬ್ಯಾಂಡಿನ ಹೆಸರು ಸ್ವೀಟ್ ಚಿಲ್ಡ್ರನ್.

ಆಮೇಲೆ ಅವರಿಗೆ ಸಿಕ್ಕಿದ್ದು ಬರ್ಕ್ಲಿಯ 924 ಗಿಲ್ಮನ್ ಸ್ಟ್ರೀಟ್. ಅದೇನು ದೊಡ್ಡ ಸಭಾಂಗಣ ಅಲ್ಲ, ಗೋಡೌನ್ ಥರದ ಒಂದು ಹಾಲ್. ಪಕ್ಕದಲ್ಲಿ ಬೆತ್ತದ ಕುರ್ಚಿ ಹೆಣೆಯುವವರ ಅಂಗಡಿ. 1986ರ ಡಿಸೆಂಬರ್ 31ಕ್ಕೆ ಶುರುವಾಯಿತು. ಟಿಕೆಟ್ ಹರಿಯೋರು, ಕಸ ಗುಡಿಸೋರು, ಸೌಂಡ್ ನೋಡಿಕೊಳ್ಳೋರು ಎಲ್ಲರೂ ಸಂಬಳವಿಲ್ಲದ ಸ್ವಯಂಸೇವಕರು. ಲಾಭದ ಮಾತೇ ಇಲ್ಲ. ಯಾವ ವಯಸ್ಸಿನವರೂ ಬರಬಹುದು. ಕುಡಿತ ಇಲ್ಲ, ಡ್ರಗ್ಸ್ ಇಲ್ಲ, ಹೊಡೆದಾಟ ಇಲ್ಲ, ಜನಾಂಗದ್ವೇಷ ಇಲ್ಲ. ಪಂಕ್ ಅಂದರೆ ಕುಡಿದು ಕೂಗಾಡೋದು ಅಂದುಕೊಂಡ ನಮ್ಮ ಹಿರಿಯರು ಇದನ್ನು ಇನ್ನೊಂದು ಸಲ ಓದಬೇಕು. ಹೈಸ್ಕೂಲ್ ಮಕ್ಕಳು ನಿರ್ಭಯವಾಗಿ ಹೋಗಿ ಹಾಡು ಕೇಳಿ, ತಾವೂ ನುಡಿಸಿ ಬರುವ ಜಾಗ ಅದು.

ಇನ್ನೂ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ದೊಡ್ಡ ರೆಕಾರ್ಡ್ ಕಂಪನಿ ಜೊತೆ ಸಹಿ ಹಾಕಿದ ಬ್ಯಾಂಡ್ ಅಲ್ಲಿ ನುಡಿಸುವಂತಿಲ್ಲ. ಗ್ರೀನ್ ಡೇ 'ರಿಪ್ರೈಸ್' ಕಂಪನಿಗೆ ಸಹಿ ಹಾಕಿದಾಗ ಬೆಳೆಸಿದ ಹಾಲೇ ಅವರಿಗೆ ಬಾಗಿಲು ಹಾಕಿತು. 1994ರ ಫೆಬ್ರವರಿಯಲ್ಲಿ 'ಡೂಕಿ' ಬಂತು, ಅಮೆರಿಕ ಒಂದರಲ್ಲೇ ಒಂದು ಕೋಟಿಗೂ ಜಾಸ್ತಿ ಪ್ರತಿ ಹೋಯಿತು, ಗ್ರ್ಯಾಮಿ ಬಂತು. ಹಳೆ ಗೆಳೆಯರು ಮಾತ್ರ 'ಮಾರಿಕೊಂಡರು' ಅಂದರು. ಈ ಜಗಳ ಇವತ್ತಿಗೂ ಮುಗಿದಿಲ್ಲ. ನನ್ನ ಪ್ರಕಾರ ಹಾಲಿನವರು ಮಾಡಿದ್ದು ಸರಿ. ದೊಡ್ಡವರು ಜಾಗ ಬಿಟ್ಟರೆ ತಾನೇ ಹೊಸ ಹುಡುಗರಿಗೆ ಶನಿವಾರದ ರಾತ್ರಿ ಸಿಗೋದು? ಬ್ಯಾಂಡಿನವರು ಹೋಗಿದ್ದೂ ತಪ್ಪಲ್ಲ. ಅವರು ಹೋಗಿರದಿದ್ದರೆ ಆ ಹಾಡು ವಿದ್ಯಾನಗರದ ಹಾಸ್ಟೆಲ್‌ವರೆಗೆ ಬರ್ತಾನೇ ಇರಲಿಲ್ಲ. 2015ರಲ್ಲಿ ಅವರು ಅದೇ ಹಾಲಿಗೆ ಮರಳಿ ಬಂದು ನುಡಿಸಿದರು, ಬೆಂಕಿಯಲ್ಲಿ ನಷ್ಟವಾದ ಒಂದು ಪ್ರಕಾಶನದವರ ನೆರವಿಗಾಗಿ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದ್ದೂ ಅದೇ ವರ್ಷ. ನನಗೆ ಮೊದಲನೆಯದೇ ದೊಡ್ಡದು.

ಪ್ರವಾಸ ಅಂದರೆ ಅವರಿಗೆ ಮೊದಮೊದಲು ವಿಮಾನ, ಹೋಟೆಲ್ ಆಗಿರಲಿಲ್ಲ. ಶುರುವಿನ ದಿನಗಳಲ್ಲಿ ಹಳೆ ಸಂಚಾರಿ ಗ್ರಂಥಾಲಯದ ಬಸ್ಸನ್ನು ರಿಪೇರಿ ಮಾಡಿಸಿಕೊಂಡು ತಿರುಗಿದರು. ಓಡಿಸ್ತಾ ಇದ್ದವರು ಡ್ರಮ್ಮರ್ ಟ್ರೇ ಕೂಲ್ ಅವರ ತಂದೆ. ಮಗನ ಬ್ಯಾಂಡಿಗೆ ಅಪ್ಪ ಡ್ರೈವರ್! ನಮ್ಮಲ್ಲಿ ಡ್ರಮ್ಸ್ ಬೇಕು ಅಂದರೆ 'ಮೊದಲು ಡಿಗ್ರಿ ಮುಗಸು' ಅನ್ನೋ ಅಪ್ಪಂದಿರೇ ಜಾಸ್ತಿ.

ವಿದ್ಯಾನಗರದಲ್ಲಿ ನನಗೆ ಗೊತ್ತಿರುವ ನಾಲ್ಕು ಹುಡುಗರಿದ್ದಾರೆ. ಇಂಜಿನಿಯರಿಂಗ್ ಓದೋರು. ಮೂರನೇ ಮಾಳಿಗೆಯ ಖೋಲಿಯಲ್ಲಿ ಕಿಟಕಿಗೆ ಗಾದಿ ಒತ್ತಿಟ್ಟು ನುಡಿಸುತ್ತಾರೆ. ಗಿಟಾರ್ ಹುಡುಗ ತೋರಬೆರಳನ್ನು ದಪ್ಪ ತಂತಿ ಮೇಲೆ ಇಡುತ್ತಾನೆ, ಉಂಗುರದ ಬೆರಳನ್ನು ಎರಡು ಮನೆ (ಫ್ರೆಟ್) ಆಚೆ ಪಕ್ಕದ ತಂತಿ ಮೇಲೆ. ರಾಕ್‌ನವರು 'ಪವರ್ ಕಾರ್ಡ್' ಅನ್ನೋ ಸ್ವರಜೋಡಿ ಅಂದರೆ ಅಷ್ಟೇ. ಅದೇ ಕೈಯನ್ನು ಮೇಲೆ ಕೆಳಗೆ ಜಾರಿಸಿದರೆ ಒಂದು ಪೂರ್ತಿ ಹಾಡಾಗುತ್ತದೆ. ಇನ್ನೊಂದು ಕೈಯ ಅಂಗೈ ಅಂಚನ್ನು ತಂತಿಗೆ ಒತ್ತಿ ಹಿಡಿದಾಗ ನಾದ ಉಸಿರು ಬಿಗಿಹಿಡಿದಂತೆ ಇರುತ್ತದೆ. ಕೈ ಎತ್ತಿದ ಕೂಡಲೇ ಖೋಲಿ ತುಂಬಾ ಸದ್ದು. ಅಷ್ಟರಲ್ಲಿ ಕೆಳಗಿಂದ ಕೂಗು: "ಏನ್ರಪ್ಪಾ ನಿಮ್ದು ಗದ್ಲಾ? ಬಂದ್ ಮಾಡ್ರಿ!" ಅವರ ತಪ್ಪೂ ಅಲ್ಲ, ಅದು ಮನೆ. ಹುಡುಗರು ಒಂದು ಸಭಾಭವನಕ್ಕೆ ಹೋಗಿ ಬಾಡಿಗೆ ಕೊಡ್ತೀವಿ ಅಂದರು. ಡ್ರಮ್ಸ್ ಅನ್ನೋ ಹೆಸರು ಕೇಳಿದ ಕೂಡಲೇ ಆಗಲ್ಲ ಅಂದರು. ಈಗ ಅವರಿಗೆ ವರ್ಷಕ್ಕೊಮ್ಮೆ ಕಾಲೇಜ್ ಫೆಸ್ಟ್ ಬಿಟ್ಟರೆ ಬೇರೆ ವೇದಿಕೆಯೇ ಇಲ್ಲ.

ಹಿಂದೂಸ್ತಾನಿ ಸಂಗೀತದ ಊರಲ್ಲಿ ಇದೆಲ್ಲ ಯಾಕೆ ಅಂತ ಕೆಲವರು ಕೇಳುತ್ತಾರೆ. ಆ ಊರಿನವನಾಗಿಯೇ ನಾನು ಈ ಮಾತು ಹೇಳ್ತಿರೋದು. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಗದಗಿನ ಕಡೆಯ ಭೀಮಸೇನ ಜೋಶಿ ಅವರೂ ಅಲ್ಲೇ ಕಲಿತರು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಇಡೀ ರಾತ್ರಿ ಸಂಗೀತ ನಡೆಯುತ್ತದೆ, ಜನ ನೆಲದ ಮೇಲೆ ಕೂತು ಬೆಳಗಿನವರೆಗೆ ಕೇಳುತ್ತಾರೆ. ಒಂದು ಮನೆತನ ತನ್ನ ವಾಡೆಯ ಬಾಗಿಲು ತೆರೆಯಿತು, ಕೇಳುವವರು ಬಂದರು. ಇವತ್ತಿನ ಹುಡುಗರು ಕೇಳ್ತಿರೋದೂ ಅಷ್ಟೇ ಅಲ್ವಾ?

ಗ್ರೀನ್ ಡೇ ಶೋನಲ್ಲಿ ಒಂದು ಹಳೇ ರೂಢಿ ಇದೆ. ಬಿಲ್ಲಿ ಜೋ ಗುಂಪಿನತ್ತ ನೋಡಿ, 'ಯಾರಿಗೆ ಗಿಟಾರ್ ಬರುತ್ತೆ?' ಅಂತ ಕೇಳಿ ಒಬ್ಬರನ್ನು ವೇದಿಕೆಗೆ ಕರೆಯುತ್ತಾನೆ. ತನ್ನ ಕಡೆಯ ಗಿಟಾರನ್ನು ಕೊರಳಿಗೆ ಹಾಕಿ, ಬ್ಯಾಂಡಿನ ಜೊತೆ ನುಡಿಸೋಕೆ ಬಿಡುತ್ತಾನೆ. ಎಷ್ಟೋ ಸಲ ಆ ಗಿಟಾರನ್ನೇ ಕೊಟ್ಟು ಕಳಿಸಿದ್ದಾನೆ. ಮುಂಬೈನಲ್ಲೂ ಹಾಗೆ ಕರೆದರೆ ನಮ್ಮ ಆ ಹುಡುಗ ಮೇಲೆ ಹತ್ತಬೇಕು ಅಂತ ನನಗೆ ಆಸೆ. ನಾಲ್ವರೂ ಟಿಕೆಟ್ ತೆಗೆಸಿದ್ದಾರೆ.

ಈಗ ಕೆಲಸದ ಮಾತು. ಗೋಕುಲ ರೋಡ್, ತಾರಿಹಾಳ ಕಡೆ ಖಾಲಿ ಬಿದ್ದ ಶೆಡ್ಡೋ ಗೋಡೌನೋ ಇದ್ದವರು ತಿಂಗಳಿಗೆ ಒಂದು ಭಾನುವಾರ, ಮಧ್ಯಾಹ್ನದಿಂದ ರಾತ್ರಿ ಒಂಬತ್ತರವರೆಗೆ ಕೊಡೋಕೆ ಸಾಧ್ಯವಾ? ಕುಡಿತ, ಸಿಗರೇಟು ಇರಲ್ಲ. ಕರೆಂಟ್ ಬಿಲ್ ನಾವು ಕಟ್ಟುತ್ತೇವೆ, ಕಸ ಗುಡಿಸಿ ಬೀಗ ಹಾಕಿ ಕೊಡುತ್ತೇವೆ. ಸ್ಪೀಕರ್, ಮಿಕ್ಸರ್ ಗೊತ್ತಿರುವವರು, ಬಾಗಿಲಲ್ಲಿ ನಿಲ್ಲೋಕೆ ತಯಾರಿರುವವರು ನನಗೆ ಮೆಸೇಜ್ ಮಾಡಿ. ಮುಂಬೈಗೆ ಹೋಗಿ ಬಂದ ಮೇಲೆ ಮೊದಲ ಭಾನುವಾರ ಕೂತು ಮಾತಾಡೋಣ.