ಹಿಂದೆ ಅಗಲ ಟೈರ್ ಹಾಕಿಸುವ ಮುಂಚೆ ಸ್ಪ್ರಿಂಗ್ ಬಿಚ್ಚಿ ನೋಡಿ

ಸ್ಪ್ರಿಂಗ್ ಗಿಡ್ಡ ಮಾಡಿ ನೆಲಕ್ಕೆ ಹತ್ತಿರ ಇಳಿಸಿದ ಕಾರಿಗೆ ಹಿಂದೆ ಅಗಲ ಟೈರ್ ಹಾಕಿಸಿ, ಶೆಡ್ಡಿನ ಸಮ ನೆಲದ ಮೇಲೆ ನಿಲ್ಲಿಸಿ, ಮಡ್‌ಗಾರ್ಡ್ ಸಂದಿಯಲ್ಲಿ ಬೆರಳು ಹೋಯಿತು ಎಂದ ಕೂಡಲೇ "ತಾಗೂದಿಲ್ಲ ಬಿಡ್ರಿ" ಅಂದುಬಿಡುವುದು ನಮ್ಮ ಹುಬ್ಬಳ್ಳಿಯಲ್ಲಿ ಮಾಮೂಲಿ. ನಾನು ಇದನ್ನು ಒಪ್ಪುವುದಿಲ್ಲ. ನಿಂತ ಕಾರಿನ ಸಂದಿ ಲೆಕ್ಕಕ್ಕೇ ಬರುವುದಿಲ್ಲ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿ ತುಂಬ ಲಗೇಜು, ಎದುರಿಗೆ ಬಿಳಿ ಪಟ್ಟಿಯಿಲ್ಲದ ಹಂಪ್. ಆಗ ಚಕ್ರ ಎಷ್ಟು ಮೇಲಕ್ಕೆ ಬರುತ್ತದೆ, ಅಲ್ಲಿ ಎಷ್ಟು ಜಾಗ ಉಳಿಯುತ್ತದೆ? ನೋಡಬೇಕಾದದ್ದು ಅದನ್ನು.

ನಮ್ಮ ಕಡೆ ರಸ್ತೆಯೇ ಬೇರೆ. ಕಲಘಟಗಿ ಕಡೆಯ ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲ ಇದ್ದುದರಲ್ಲಿ ವಾಸಿ. ನವಲಗುಂದದ ಕಡೆ ಅಥವಾ ಅಣ್ಣಿಗೇರಿ ದಾಟಿ ಗದಗದ ಕಡೆ ಹೊರಟರೆ ಪೂರಾ ಎರಿ, ಅಂದರೆ ಕಪ್ಪು ಮಣ್ಣು. ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲೆ ಡಾಂಬರು ಎಷ್ಟೇ ನುಣುಪಾಗಿದ್ದರೂ ಕೆಳಗಿನ ಮಣ್ಣು ಸುಮ್ನಿರುವುದಿಲ್ಲ. ಗುಂಡಿ ಇಲ್ಲದ ಜಾಗದಲ್ಲೂ ಎಂಬತ್ತರ ವೇಗದಲ್ಲಿ ಕಾರಿನ ಹಿಂಭಾಗ ಒಮ್ಮೆ ಎದ್ದು ಪೂರ್ತಿ ಕೂರುತ್ತದೆ. ಹಂಪ್ ಅಂತೂ ಕೇಳಲೇಬೇಡಿ. ಇಂಡಿಯನ್ ರೋಡ್ ಕಾಂಗ್ರೆಸ್ ಹೇಳುವ ಅಳತೆ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಬಡಾವಣೆಗಳ ಎಷ್ಟೋ ಹಂಪ್‌ಗಳನ್ನು ಎರಡು ಹೆಜ್ಜೆಯಲ್ಲಿ ದಾಟಬಹುದು.

ಈಗ ಟೈರಿನ ವಿಷಯ. ಅದರ ಮೇಲಿನ ಮೊದಲ ನಂಬರ್ ಅಗಲ (ಮಿ.ಮೀ.), ಎರಡನೆಯದು ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ರಿಮ್ ಅಳತೆ ಇಂಚಿನಲ್ಲಿ. 185/60 ಆರ್15 ಟೈರಿನ ಒಟ್ಟು ಎತ್ತರ ಸುಮಾರು 603 ಮಿ.ಮೀ. ಅದರ ಬದಲು 205/55 ಆರ್15 ಹಾಕಿದರೆ 606. ಹೆಚ್ಚೂಕಡಿಮೆ ಒಂದೇ. ಆದರೆ "205 ಕೊಡ್ರಿ" ಎಂದಷ್ಟೇ ಹೇಳಿ 205/60 ಹಾಕಿಸಿಕೊಂಡು ಬಂದರೆ 627 ಆಗುತ್ತದೆ. ಟೈರಿನ ಮೇಲ್ತುದಿ ಮಡ್‌ಗಾರ್ಡ್‌ಗೆ 12 ಮಿ.ಮೀ. ಹತ್ತಿರ ಬಂತು. ಕಾರು ಮೊದಲೇ ಇಳಿದಿದೆ, ಇನ್ನೆಲ್ಲಿ ಜಾಗ? ಕಂಪನಿಯವರೇ ಹಿಂದೆ ಅಗಲ ಟೈರ್ ಕೊಡುವಾಗ ಈ ಎತ್ತರವನ್ನು ಬಿಟ್ಟುಕೊಡುವುದಿಲ್ಲ. ಬಿಎಂಡಬ್ಲ್ಯು 3 ಸೀರೀಸ್‌ನ ಕೆಲವು ಮಾಡೆಲ್‌ಗಳಲ್ಲಿ ಮುಂದೆ 225/45 ಆರ್17, ಹಿಂದೆ 255/40 ಆರ್17 ಬರುತ್ತಿತ್ತು. ಅಗಲದಲ್ಲಿ 30 ಮಿ.ಮೀ. ವ್ಯತ್ಯಾಸ, ಎತ್ತರದಲ್ಲಿ ಎರಡು ಮಿ.ಮೀ. ಕೂಡ ಇಲ್ಲ. ನಾಲ್ಕೂ ಚಕ್ರ ಒಂದೇ ವೇಗದಲ್ಲಿ ತಿರುಗಿದರೆ ತಾನೇ, ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್‌ಗೆ ಲೆಕ್ಕ ಸರಿಹೋಗುವುದು.

ಟೈರಿಗಿಂತ ಜಾಸ್ತಿ ತೊಂದರೆ ಕೊಡುವುದು ರಿಮ್. ರಿಮ್ ಮೇಲೆ ಈಟಿ ಎಂದು ಒಂದು ನಂಬರ್ ಇರುತ್ತದೆ, ಅದೇ ಆಫ್‌ಸೆಟ್. ರಿಮ್‌ನ ನಟ್ಟನಡುವಿನಿಂದ ಅದು, ಚಕ್ರವನ್ನು ಬೋಲ್ಟ್ ಹಾಕಿ ಹಿಡಿಯುವ ಹಬ್‌ಗೆ ಕೂರುವ ಜಾಗ ಎಷ್ಟು ದೂರ ಎಂಬ ಲೆಕ್ಕ. ನಂಬರ್ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ಕಾರಿನ ಜೊತೆ ಬಂದದ್ದು 6 ಇಂಚಿನ ಈಟಿ 45 ಇದ್ದು, ನೀವು 7 ಇಂಚಿನ ಈಟಿ 35 ತಂದಿರಿ ಎಂದುಕೊಳ್ಳಿ. ಹೊರಗೆ ಸುಮಾರು 23 ಮಿ.ಮೀ. ಬಂತು, ಒಳಗೆ ಹೋದದ್ದು ಮೂರೇ ಮಿ.ಮೀ. ಒಳಗಡೆ ಜಾಗ ಖಾಲಿ ಬಿದ್ದಿದ್ದರೂ ಹೊರಗೆ ಮಡ್‌ಗಾರ್ಡ್ ಅಂಚಿಗೆ ಉಜ್ಜುತ್ತದೆ. ಹಾಗಂತ ಕಣ್ಣುಮುಚ್ಚಿ ಒಳಗೆ ತಳ್ಳುವಂತೆಯೂ ಇಲ್ಲ. ಅಲ್ಲಿ ಶಾಕ್ ಅಬ್ಸಾರ್ಬರ್ ಇದೆ, ಬ್ರೇಕ್ ಪೈಪ್ ಇದೆ.

ಸರಿಯಾಗಿ ನೋಡಬೇಕೆಂದರೆ ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ ಹಿಂದಿನ ಎರಡೂ ಸ್ಪ್ರಿಂಗ್ ತೆಗೆಯಿರಿ. ಚಕ್ರ ಮೇಲೇರುವುದನ್ನು ಕೊನೆಗೆ ತಡೆಯುವ ರಬ್ಬರ್, ಅಂದರೆ ಬಂಪ್ ಸ್ಟಾಪ್, ಅಲ್ಲೇ ಇರಲಿ. ಚಕ್ರ ಹಾಕಿ, ಕೆಳಗಿನಿಂದ ಜಾಕ್ ಕೊಟ್ಟು ಬಂಪ್ ಸ್ಟಾಪ್ ಒತ್ತಿಕೊಳ್ಳುವವರೆಗೂ ಎತ್ತಿ. ಈಗ ಟೈರಿನ ಭುಜದ (ನೆಲಕ್ಕೆ ತಾಗುವ ಭಾಗ ಪಕ್ಕಕ್ಕೆ ತಿರುಗುವ ಅಂಚಿನ) ಸುತ್ತ ಬೆರಳಾಡಿಸಿ. ತಾಗುವುದು ಸಾಮಾನ್ಯವಾಗಿ ನೀವು ಅಂದುಕೊಂಡ ಕಡೆ ಅಲ್ಲ. ಮಡ್‌ಗಾರ್ಡ್ ಒಳಗೆ ಹಿಂಬದಿಯಲ್ಲಿ ಬಂಪರ್ ಹಿಡಿದಿರುವ ಒಂದು ಸ್ಕ್ರೂ ಇರುತ್ತದೆ, ಅದರ ತಲೆ ಚಕ್ರದ ಕಡೆಗೇ ಚಾಚಿರುತ್ತದೆ. ಗೋಕುಲ ರೋಡಿನ ಶೆಡ್‌ಗಳಿಗೆ ಬರುವ ಕಾರುಗಳನ್ನು ಗಮನಿಸಿ. ಟೈರಿನ ಅಂಚಿನಲ್ಲಿ ಸುತ್ತಲೂ ದಾರದಷ್ಟು ಸಣ್ಣ ಗೀರು, ಮಡ್‌ಗಾರ್ಡ್ ಒಳಗೆ ಕಪ್ಪು ರಬ್ಬರ್ ಪುಡಿ. ಅದು ಈ ಸ್ಕ್ರೂ ಕೆಲಸ. ಆ ಗೀರು ಆಳವಾದರೆ ಒಂದು ದಿನ ಬೈಪಾಸ್‌ನಲ್ಲಿ ಟೈರ್ ಒಡೆಯುತ್ತದೆ.

ಅಂಚನ್ನು ಒಳಗೆ ಮಡಚುವುದು ತಪ್ಪಲ್ಲ, ಮಾಡುವ ರೀತಿ ಮುಖ್ಯ. ಹೀಟ್ ಗನ್‌ನಿಂದ ಬಣ್ಣ ಬೆಚ್ಚಗೆ ಮಾಡಿ, ಹಬ್‌ಗೆ ಕಟ್ಟುವ ರೋಲರ್‌ನಿಂದ ನಿಧಾನಕ್ಕೆ ಮಡಚಬೇಕು. ಸುತ್ತಿಗೆಯಲ್ಲಿ ಬಡಿದರೆ ಬಣ್ಣ ಬಿರುಕು ಬಿಡುತ್ತದೆ. ಹಿಂದಿನ ಅಂಚಿನಲ್ಲಿ ಒಳತಗಡು ಹೊರತಗಡು ಕೂಡುವ ಕಡೆ ಸೀಲಂಟ್ ಇರುತ್ತದೆ, ಅದೂ ಒಡೆಯುತ್ತದೆ. ಮರುವರ್ಷದ ಮಳೆಗೆ ತುಕ್ಕು ಗ್ಯಾರಂಟಿ.

ಸ್ಪ್ರಿಂಗ್ ಕಟ್ ಮಾಡಿಸುವುದನ್ನು ಮಾತ್ರ ದಯವಿಟ್ಟು ಬಿಡಿ. ಗ್ಯಾಸ್ ಕಟರ್ ಶಾಖಕ್ಕೆ ಆ ಭಾಗದ ಉಕ್ಕಿನ ಹದ ಹೋಗುತ್ತದೆ. ಹಂಪ್ ಇಳಿಯುವಾಗ ಚಕ್ರ ಜೋತುಬಿದ್ದರೆ ಗಿಡ್ಡ ಸ್ಪ್ರಿಂಗ್ ತನ್ನ ಸೀಟಿನಿಂದ ಜಾರಿಬಿಡಬಹುದು. ಹಿಂದಿನ ಸೀಟಿನಲ್ಲಿ ನಿಮ್ಮ ಮಕ್ಕಳೇ ಕೂರುವುದು ಅಲ್ವಾ?

ಇನ್ನೊಂದು ಮಾತು, ಕೆಲವರಿಗೆ ಹಿಡಿಸಲಿಕ್ಕಿಲ್ಲ. ನಮ್ಮಲ್ಲಿ ಓಡುವ ಹ್ಯಾಚ್‌ಬ್ಯಾಕ್‌ಗಳು ಹೆಚ್ಚಿನವು ಮುಂದಿನ ಚಕ್ರದಿಂದ ಎಳೆಯುವ ಗಾಡಿಗಳು. ಅವುಗಳಿಗೆ ಹಿಂದೆ ಮಾತ್ರ ಅಗಲ ಟೈರ್ ಹಾಕಿದರೆ ಹಿಂದಿನ ಹಿಡಿತ ಹೆಚ್ಚುತ್ತದೆ, ತಿರುವಿನಲ್ಲಿ ಮುಂಭಾಗ ಇನ್ನಷ್ಟು ಹೊರಗೆ ಜಾರುತ್ತದೆ. ನೋಡಲು ಚೆಂದ, ಓಡಿಸಲು ಅಲ್ಲ. ಮೇಲಾಗಿ ಬಹಳಷ್ಟು ಗಾಡಿಗಳಲ್ಲಿ ಹಿಂದೆ ಟಾರ್ಷನ್ ಬೀಮ್, ಅಂದರೆ ಎರಡೂ ಹಿಂದಿನ ಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳುವ ಅಡ್ಡತೊಲೆ. ಕೆಲವು ದುಬಾರಿ ಕಾರುಗಳಲ್ಲಿ ಚಕ್ರ ಮೇಲೇರುವಾಗ ಅದರ ತಲೆ ಒಳಗೆ ವಾಲಿ ಅಂಚಿನಿಂದ ತಪ್ಪಿಸಿಕೊಳ್ಳುತ್ತದೆ. ಟಾರ್ಷನ್ ಬೀಮ್‌ನಲ್ಲಿ ಅದು ಹೆಚ್ಚೂಕಡಿಮೆ ನೆಟ್ಟಗೆ ಏರಿ ಅಂಚಿಗೇ ಹೊಡೆಯುತ್ತದೆ. ಹಿಂದೆ ಅಗಲ ಮಾಡುವ ಆಸೆ ಹಿಂದಿನ ಚಕ್ರದಿಂದ ತಳ್ಳುವ ಕಾರಿದ್ದವರಿಗೆ ಇರಲಿ. ಉಳಿದವರಿಗೆ ನಾನು ಹೇಳುವುದು: ನಿಮ್ಮ ಮಾಡೆಲ್‌ಗೆಂದೇ ಮಾಡಿದ ಸ್ಪ್ರಿಂಗ್ ಹಾಕಿ 25ರಿಂದ 30 ಮಿ.ಮೀ. ಇಳಿಸಿ, ನಾಲ್ಕೂ ಚಕ್ರಕ್ಕೆ ಒಂದೇ ಅಳತೆಯ ಟೈರ್ ಇರಲಿ, ಅಗಲ ಒಂದು ಮೆಟ್ಟಿಲು ಏರಿಸಿದರೆ ಸಾಕು. ಬದಲಾವಣೆಯನ್ನು ಇನ್ಶೂರೆನ್ಸ್‌ನವರಿಗೂ ತಿಳಿಸಿಬಿಡಿ.

ಅಂಗಡಿಯಲ್ಲಿ ರಿಮ್ ಹೊಳಪು ನೋಡುವ ಮುಂಚೆ ಅದರ ಈಟಿ ಎಷ್ಟು ಎಂದು ಕೇಳಿ. "ಎಲ್ಲಾ ಗಾಡಿಗೂ ಕೂರ್ತದ ರೀ" ಎಂಬ ಉತ್ತರ ಬಂದರೆ ಆ ರಿಮ್ ತಗೊಳ್ಳಬೇಡಿ.