ಮೂರು ಓಟು

ನಾನು ಬ್ರಿಟನ್ನಿನ ಪ್ರಜೆ ಅಲ್ಲ. ಆಗಲೂ ಅಲ್ಲ, ಈಗಲೂ ಅಲ್ಲ. ಆದರೂ ಆ ದೇಶ ಐರೋಪ್ಯ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಅನ್ನೋದಕ್ಕೆ 2016ರ ಜೂನ್ 23ರಂದು ನಾನೂ ಓಟು ಹಾಕಿದ್ದೇನೆ. ಭಾರತದಂಥ ಕಾಮನ್‌ವೆಲ್ತ್ ದೇಶದವರು ವೀಸಾ ಮೇಲೆ ಅಲ್ಲಿ ವಾಸ ಇದ್ದರೂ ಹಕ್ಕಿತ್ತು. ನಮ್ಮ ಕೆಳಗಿನ ಮನೆಯ ಪೋಲೆಂಡಿನ ಎಲೆಕ್ಟ್ರಿಷಿಯನ್‌ಗೆ ಇರಲಿಲ್ಲ. ಅವನು ಲಂಡನ್ನಿಗೆ ಬಂದದ್ದು 2004ರಲ್ಲಿ, ಅವನ ದೇಶ ಒಕ್ಕೂಟ ಸೇರಿದ ವರ್ಷವೇ. ಹನ್ನೆರಡು ವರ್ಷ ತೆರಿಗೆ ಕಟ್ಟಿದವನು ಮನೆಯಲ್ಲಿ ಕೂತ, ಐದು ವರ್ಷದ ಹಿಂದೆ ಹೋದ ನಾನು ಅವನ ಹಣೆಬರಹಕ್ಕೆ ಓಟು ಹಾಕಿ ಬಂದೆ.

ಅವತ್ತು ಜಡಿಮಳೆ. ಮತಗಟ್ಟೆ ಅಂದರೆ ಒಂದು ಚರ್ಚಿನ ಹಾಲು. ಗುರುತಿನ ಚೀಟಿ ಕೇಳಲಿಲ್ಲ, ಬೆರಳಿಗೆ ಶಾಯಿ ಇಲ್ಲ, ದಾರ ಕಟ್ಟಿದ ಒಂದು ಮೋಟು ಪೆನ್ಸಿಲ್ಲು. ಚೀಟಿಯಲ್ಲಿ ಎರಡೇ ಚೌಕ: ಇರಬೇಕು, ಬಿಡಬೇಕು. 'ಇರಬೇಕು' ಅನ್ನೋದರ ಮುಂದೆ ಕತ್ತರಿ ಗುರುತು ಹಾಕಿ ಬಂದೆ. ಹೇಗೆ ಬಿಡಬೇಕು ಅನ್ನೋದಕ್ಕೆ ಚೌಕವೇ ಇಲ್ಲವಲ್ಲ ಅಂತ ಆಗ ನನಗೂ ಹೊಳೆಯಲಿಲ್ಲ.

ನಮ್ಮ ಊರಿನ ಮನೆಯ ಟ್ರಂಕಿನಲ್ಲಿ ತಾತ ಮತ್ತು ಅವರ ತಮ್ಮ ಬೇರೆಯಾದಾಗ ಬರೆಸಿದ ಪಾಲುಪಾರೀಕತ್ತು ಇದೆ. ಬೇರೆಯಾಗಿದ್ದೇವೆ ಅನ್ನೋದು ಅದರಲ್ಲಿ ಒಂದೇ ಸಾಲು. ಉಳಿದ ಮೂರು ಪುಟ ತೆಂಗಿನ ಮರ, ಕಣ, ಗಾಡಿ ಹೋಗೋ ದಾರಿ. ಬಾವಿಯ ಹತ್ತಿರ ಬಂದಾಗ ಮಾತ್ರ 'ಜಂಟಿ' ಅಂತ ಬರೆದು ಮುಂದಕ್ಕೆ ಹೋಗಿದ್ದಾರೆ. ಬ್ರಿಟನ್ನಿನವರು ಆ ಒಂದು ಸಾಲನ್ನು ಓಟಿಗಿಟ್ಟು, ಮೂರು ಪುಟವನ್ನು ಆಮೇಲೆ ನೋಡಿಕೊಳ್ಳೋಣ ಅಂದರು.

ಬಿಡಬೇಕು ಅಂದವರು ನೂರಕ್ಕೆ 51.9. ಆದರೆ ಅಷ್ಟರಲ್ಲೇ ಎಷ್ಟೊಂದು ಬಣ! ನಾರ್ವೆ ಥರ ಸದಸ್ಯತ್ವ ಇಲ್ಲದೆ ಒಕ್ಕೂಟದ ಏಕ ಮಾರುಕಟ್ಟೆಯೊಳಗೆ ಉಳಿಯೋಣ ಅನ್ನೋರು ಕೆಲವರು. ಹಾಗಾದರೆ ದುಡ್ಡೂ ಕಟ್ಟಬೇಕು, ಯುರೋಪಿನವರು ಬಂದು ಕೆಲಸ ಮಾಡೋದಕ್ಕೂ ಬಿಡಬೇಕು. ಟರ್ಕಿ ಥರ ಸುಂಕದ ಮಟ್ಟಿಗೆ ಒಟ್ಟಿಗಿರೋಣ, ಒಳಗೊಳಗೆ ಸುಂಕ ಬೇಡ, ಹೊರಗಿನವರಿಗೆ ಒಂದೇ ದರ ಅನ್ನೋರು ಇನ್ನು ಕೆಲವರು. ಕೆನಡಾ ಥರ ಬರೀ ಒಪ್ಪಂದ ಸಾಕು ಅನ್ನೋರು ಮತ್ತೊಂದು ಬಣ. ಏನೂ ಬೇಡ, ಎದ್ದು ಹೊರಟುಬಿಡೋಣ ಅನ್ನೋರೂ ಇದ್ದರು.

ಪ್ರಧಾನಿ ಥೆರೆಸಾ ಮೇ 2017ರ ಜನವರಿಯಲ್ಲಿ ಲ್ಯಾಂಕಾಸ್ಟರ್ ಹೌಸಿನಲ್ಲಿ ನಿಂತು, ಏಕ ಮಾರುಕಟ್ಟೆಯೂ ಬೇಡ, ಪೂರ್ತಿ ಸುಂಕ ಒಕ್ಕೂಟವೂ ಬೇಡ ಅಂದುಬಿಟ್ಟರು. ಯಾರನ್ನೂ ಕೇಳಲಿಲ್ಲ. (ಅದಕ್ಕೆ ಎರಡು ತಿಂಗಳ ಮುಂಚೆ ಅವರು ಬೆಂಗಳೂರಿಗೂ ಬಂದು, ಹಲಸೂರಿನ ಸೋಮೇಶ್ವರ ದೇವಸ್ಥಾನದಲ್ಲಿ ಸೀರೆ ಉಟ್ಟು ನಿಂತಿದ್ದರು. ಅದೇ ರಾತ್ರಿ ನೋಟು ರದ್ದಾಯ್ತು, ಹಾಗಾಗಿ ಆ ಸೀರೆ ನಮ್ಮಲ್ಲಿ ಯಾರಿಗೂ ನೆನಪಿಲ್ಲ.) ಅಡ್ಡ ಬಂದದ್ದು ಐರ್ಲೆಂಡ್. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲೇ ಉಳಿಯೋ ಐರ್ಲೆಂಡ್ ಗಣರಾಜ್ಯಕ್ಕೂ ನಡುವೆ ಸುಮಾರು 500 ಕಿಲೋಮೀಟರ್ ಗಡಿ. 1998ರ ಶಾಂತಿ ಒಪ್ಪಂದ ಆದಮೇಲೆ ಅಲ್ಲಿ ಸೈನಿಕರ ಕಾವಲು ಹೋಗಿತ್ತು. ಸುಂಕ ಬೇರೆಯಾದರೆ ಸರಕನ್ನು ಎಲ್ಲೋ ಒಂದು ಕಡೆ ತಪಾಸಣೆ ಮಾಡಲೇಬೇಕು. ಎಲ್ಲಿ? ಆ ಬಾವಿ ಯಾರ ಪಾಲಿಗೂ ಹೋಗದ ಬಾವಿ.

2019ರ ಜನವರಿ 15ರಂದು ಹೇಗೆ ಬಿಡೋದು ಅಂತ ಮೇ ಅವರು ಒಕ್ಕೂಟದ ಜೊತೆ ಮಾಡಿಕೊಂಡಿದ್ದ ಒಪ್ಪಂದ ಸಂಸತ್ತಿನಲ್ಲಿ 202ಕ್ಕೆ 432ರಿಂದ ಬಿದ್ದುಹೋಯಿತು. ಅದೇ ತಿಂಗಳು ಕೆಂಟ್‌ನಲ್ಲಿ, ಒಪ್ಪಂದವಿಲ್ಲದೆ ಬಿಟ್ಟು ಬಂದರಿನ ದಾರಿ ಕಟ್ಟಿಕೊಂಡರೆ ಏನು ಮಾಡೋದು ಅಂತ ಲಾರಿಗಳ ತಾಲೀಮು ನಡೆಸಿದರು. ಬಂದದ್ದು 89 ಲಾರಿ. ಒಂದೂ ಹಡಗಿಲ್ಲದ ಕಂಪನಿಯೊಂದಕ್ಕೆ ಹಡಗು ಓಡಿಸೋ ಗುತ್ತಿಗೆ ಬೇರೆ ಕೊಟ್ಟಿದ್ದರು. ನಮ್ಮೂರ ಟೆಂಡರುಗಳಿಗೆ ಬೈಯುತ್ತಿದ್ದ ನನಗೆ ಒಂಥರಾ ಸಮಾಧಾನ.

ಇಲ್ಲಿಯವರೆಗೆ ನಾನು 'ಅವರು' ಅಂತ ಬೆರಳು ತೋರಿಸಿದೆ. ನಮ್ಮ ಕಡೆಯದ್ದೂ, ಅಂದರೆ 'ಇರಬೇಕು' ಅಂದವರದ್ದೂ ಹೇಳಬೇಕು.

ಏಪ್ರಿಲ್ 1ರ ರಾತ್ರಿ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಅನ್ನಕ್ಕೆ ಇಟ್ಟು, ಸಂಸತ್ತಿನ ನೇರ ಪ್ರಸಾರ ನೋಡುತ್ತಿದ್ದೆ. ಮೇ ಅವರ ಪಕ್ಷದವರೇ ಆದ ಹಿರಿಯ ಕೆನ್ ಕ್ಲಾರ್ಕ್ ಒಂದು ಸಾದಾ ಸೂಚನೆ ಇಟ್ಟಿದ್ದರು: ಒಕ್ಕೂಟ ಬಿಡೋಣ, ಆದರೆ ಸುಂಕದಲ್ಲಿ ಒಟ್ಟಿಗಿರೋಣ. ನನ್ನ ತಾತನಾಗಿದ್ದರೆ 'ಬಾವಿ ಜಂಟಿ' ಅಂತಿದ್ದರು. ಪರ 273, ವಿರುದ್ಧ 276. ಮೂರು ಓಟಿನಲ್ಲಿ ಸೋತಿತು. ಎರಡನೇ ಜನಮತಗಣನೆಯೇ ಆಗಬೇಕು ಅಂತ ಪಟ್ಟು ಹಿಡಿದಿದ್ದವರಲ್ಲಿ ಕೆಲವರು ವಿರುದ್ಧ ಹಾಕಿದರು, ಕೆಲವರು ಸುಮ್ಮನೆ ಕೂತರು. ಇದು ಬಿದ್ದರೆ ನಮ್ಮದು ಏಳುತ್ತೆ ಅನ್ನೋ ಲೆಕ್ಕ. ಅವರದ್ದೂ ಅದೇ ರಾತ್ರಿ 280ಕ್ಕೆ 292ರಿಂದ ಬಿತ್ತು. ಆ ಎರಡನೇ ಜನಮತಗಣನೆ ಕೇಳೋ ಮೆರವಣಿಗೆಗಳಿಗೆ ಹೋಗಿ ಬಂದಿದ್ದ ನಾನೂ ಅವತ್ತು ಕ್ಲಾರ್ಕ್ ಸೂಚನೆ ಬಿದ್ದಾಗ ಖುಷಿಪಟ್ಟೆ ಅನ್ನೋದನ್ನು ಒಪ್ಪಿಕೊಳ್ಳುತ್ತೇನೆ. ಅನ್ನ ತಳ ಹಿಡಿದಿತ್ತು.

ಆಮೇಲೆ ಸಿಕ್ಕಿದ್ದೇನು? ಬೋರಿಸ್ ಜಾನ್ಸನ್. ಡಿಸೆಂಬರಿನಲ್ಲಿ 80 ಸ್ಥಾನದ ಬಹುಮತ. ತಪಾಸಣೆಯನ್ನು ಐರಿಷ್ ಸಮುದ್ರಕ್ಕೆ ತಂದಿಟ್ಟರು, ಅಂದರೆ ತಮ್ಮದೇ ದೇಶದೊಳಗೆ. ಸ್ಕಾಟ್ಲೆಂಡಿನ ಬಿತ್ತನೆ ಆಲೂಗಡ್ಡೆ ಉತ್ತರ ಐರ್ಲೆಂಡಿಗೆ ಹೋಗದ ಹಾಗಾಯಿತು. ಅದನ್ನು ಸರಿಮಾಡೋದಕ್ಕೆ 2023ರ ವಿಂಡ್ಸರ್ ಒಪ್ಪಂದವೇ ಬರಬೇಕಾಯಿತು.

ನನ್ನ ಮಾತಿಗೆ ಎದುರು ಮಾತೂ ಇದೆ. ಅದನ್ನು ಆಗಲೇ ನಮ್ಮ ಕನ್ನಡದವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೋಟೆಲಿನವರೊಬ್ಬರು ಹೇಳಿದ್ದರು: "ಯುರೋಪಿನವರಿಗೆ ಬಾಗಿಲು ಹಾಕಿದರೆ ನಮಗೆ ತೆಗೀತಾರೆ ಕಣ್ರೀ, ನೋಡ್ತಾ ಇರಿ." ಅವರೊಂದಿಗೆ ಜಗಳ ಆಡಿದ್ದೆ. 2021ರಿಂದ ವೀಸಾ ನಿಯಮ ಬದಲಾಗಿ, ನಮ್ಮ ಹುಡುಗರು ಹುಡುಗಿಯರು ಸಾಲುಗಟ್ಟಿ ಹೋದರು. 2025ರ ಜುಲೈನಲ್ಲಿ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿಯೂ ಬಿತ್ತು. ಸ್ಕಾಚ್ ವಿಸ್ಕಿ ಮೇಲಿನ 150 ಪರ್ಸೆಂಟ್ ಸುಂಕ ಹಂತಹಂತವಾಗಿ 40ಕ್ಕೆ ಇಳಿಯಬೇಕು. ಕ್ಲಾರ್ಕ್ ಸೂಚನೆ ಗೆದ್ದಿದ್ದರೆ ಬ್ರಿಟನ್ ತನ್ನಷ್ಟಕ್ಕೆ ತಾನು ಹೀಗೆ ಸುಂಕದ ಒಪ್ಪಂದ ಮಾಡಿಕೊಳ್ಳೋ ಹಾಗೇ ಇರುತ್ತಿರಲಿಲ್ಲ. ಹೋಟೆಲಿನವರ ಲೆಕ್ಕ ನನ್ನದಕ್ಕಿಂತ ಚುರುಕಾಗಿತ್ತು. ಆದರೂ ಪಕ್ಕದ ಮನೆಯ ಜೊತೆಗಿನ ದಾರಿ ಮುಚ್ಚಿಕೊಂಡು ಏಳು ಸಾವಿರ ಕಿಲೋಮೀಟರ್ ಆಚೆ ದಾರಿ ಮಾಡಿಕೊಂಡದ್ದು ಅವರಿಗೆ ಲಾಭ ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ.

ಆ ಮೂರು ಓಟಿನ ವಾರವೇ ಕೆಳಗಿನ ಮನೆಯವನು ಬಾಗಿಲು ತಟ್ಟಿದ. ಯುರೋಪಿನವರು ಅಲ್ಲೇ ಉಳಿಯಬೇಕು ಅಂದರೆ ಅರ್ಜಿ ಹಾಕಬೇಕಿತ್ತು. ಅದರ ಆ್ಯಪು ಆಗಿನ್ನೂ ಆಂಡ್ರಾಯ್ಡ್ ಫೋನಿಗೆ ಮಾತ್ರ ಇತ್ತು, ಅವನದು ಬೇರೆ ಫೋನು. "ನಿನ್ನದು ಹತ್ತು ನಿಮಿಷ ಕೊಡ್ತೀಯಾ?" ಅಂದ. ಊಟದ ಟೇಬಲ್ ಮೇಲೆ ಪಾಸ್‌ಪೋರ್ಟ್ ಇಟ್ಟು, ಅದರ ಮೇಲೆ ನನ್ನ ಫೋನು ಇಟ್ಟೆವು. ಚಿಪ್ಪು ಓದಲಿಲ್ಲ. ಕವರು ತೆಗೆದು ಇಟ್ಟೆವು, ಓದಲಿಲ್ಲ. ಮೂರನೇ ಸಲ ಸಣ್ಣಗೆ ಗುರ್ ಅಂತು. ಆಮೇಲೆ ಮುಖದ ಫೋಟೋ. ಹದಿನೈದು ವರ್ಷ ಆ ಊರಿಗೆ ವೈರಿಂಗ್ ಮಾಡಿದವನು ನಮ್ಮ ಟ್ಯೂಬ್‌ಲೈಟಿನ ಕೆಳಗೆ ನೆಟ್ಟಗೆ ನಿಂತು, "ನಗಬೇಕಾ, ಬೇಡವಾ?" ಅಂತ ಕೇಳಿದ.