ಪರೀಕ್ಷೆ ಮುಗಿದ ಮೇಲೆ ಬರುವ ವಿದ್ಯಾರ್ಥಿವೇತನ

ನಾನಿರೋದು ಜರ್ಮನಿಯಲ್ಲಿ. ನಮ್ಮ ಮೇಲಿನ ಮನೆಯ ಹುಡುಗ ಇಲ್ಲೇ ಯೂನಿವರ್ಸಿಟಿ ಸೇರಿದ್ದಾನೆ. ಅವನಮ್ಮ ಅಂಗಡಿಯಲ್ಲಿ ಕ್ಯಾಷಿಯರ್, ಅಪ್ಪ ಜೊತೆಗಿಲ್ಲ. ಓದೋ ಮಕ್ಕಳಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಬಾಫೋಗ್‌ಗೆ ಅರ್ಜಿ ಹಾಕಿದ್ದ. ಮೊನ್ನೆ ಮೆಟ್ಟಿಲ ಹತ್ತಿರ ಸಿಕ್ಕಾಗ ಆಫೀಸಿನಿಂದ ಬಂದ ಕಾಗದ ತೋರಿಸಿದ. ನಿಮ್ಮ ಅರ್ಜಿ ಪೂರ್ತಿ ನೋಡಿ ಆಗಿಲ್ಲ, ಸದ್ಯಕ್ಕೆ ಅಂದಾಜು ಮೊತ್ತದ ಐದರಲ್ಲಿ ನಾಲ್ಕು ಪಾಲು ಕೊಡುತ್ತಿದ್ದೇವೆ, ಜಾಸ್ತಿ ಹೋಗಿದ್ದರೆ ಆಮೇಲೆ ವಾಪಸ್ ಪಡೆಯುತ್ತೇವೆ ಅಂತ ಅದರಲ್ಲಿತ್ತು.

ಓದಿ ಖುಷಿಯಾಯಿತು, ಹಿಂದೆಯೇ ಹೊಟ್ಟೆ ಉರಿಯಿತು.

ಅದು ಯಾವ ಅಧಿಕಾರಿಯ ದೊಡ್ಡ ಮನಸ್ಸೂ ಅಲ್ಲ, ಕಾನೂನಿನಲ್ಲೇ ಇದೆ. ಮೊದಲ ಸಲ ಅರ್ಜಿ ಹಾಕಿದವರಿಗೆ ಆರು ವಾರದಲ್ಲಿ ತೀರ್ಮಾನ ಆಗದಿದ್ದರೆ, ಅಥವಾ ಹತ್ತು ವಾರದಲ್ಲಿ ದುಡ್ಡು ಕೈಸೇರದಿದ್ದರೆ, ನಾಲ್ಕು ತಿಂಗಳು ಹೀಗೆ ಮುಂಗಡ ಕೊಡಬೇಕು. ತಡ ಮಾಡಿದ್ದು ಆಫೀಸು, ಹುಡುಗ ಯಾಕೆ ಉಪವಾಸ ಇರಬೇಕು ಅನ್ನೋ ಲೆಕ್ಕ.

ಊರಲ್ಲಿ ನನ್ನ ತಂಗಿ ಮಗಳು ಡಿಗ್ರಿ ಓದುತ್ತಿದ್ದಾಳೆ. ಹೋದ ವರ್ಷ ಅವಳ ವಿದ್ಯಾರ್ಥಿವೇತನದ ಪಾಡು ನೋಡಬೇಕಿತ್ತು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಕಾಲೇಜಿನ ಬೋನಫೈಡ್, ಇ-ದೃಢೀಕರಣ ಎಲ್ಲಾ ಮಾಡಿಸಿ ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕಿದಳು. ಫೋನ್ ಮಾಡಿದಾಗೆಲ್ಲಾ 'ಮಾವ, ಸ್ಟೇಟಸ್ ಇನ್ನೂ ಹಾಗೇ ಇದೆ' ಅನ್ನೋದು. ಕೊನೆಗೆ ನೋಡಿದರೆ ಆಧಾರ್ ಜೋಡಣೆ ಆಗಿದ್ದದ್ದು ಹೈಸ್ಕೂಲಿನಲ್ಲಿ ತೆರೆದ, ಈಗ ನಿಂತೇಹೋದ ಖಾತೆಗೆ. ಅದನ್ನು ಸರಿಮಾಡಿಸಲು ಬ್ಯಾಂಕಿಗೆ ಅಲೆದದ್ದು ಬೇರೆ. ಅಷ್ಟರಲ್ಲಿ ಪರೀಕ್ಷೆ ಫೀಸು ಕಟ್ಟುವ ಕೊನೇ ದಿನ ಬಂತು, ತಂಗಿ ಬಳೆ ಅಡ ಇಟ್ಟಳು. ದುಡ್ಡು ಖಾತೆಗೆ ಬಿದ್ದದ್ದು ಮಗಳು ಮುಂದಿನ ವರ್ಷದ ಕ್ಲಾಸಿಗೆ ಹೋಗತೊಡಗಿದ ಮೇಲೆ. ಒಂದು ಪಾಲು ಬಡ್ಡಿಗೇ ಹೋಯಿತು.

ಬಂತಲ್ಲ ಬಿಡಣ್ಣ ಅಂತಾಳೆ ತಂಗಿ. ಬಿಡೋದು ಹೇಗೆ? ಅವಳ ಹತ್ತಿರ ಅಡ ಇಡಲು ಬಳೆ ಇತ್ತು. ಬಳೆ ಇಲ್ಲದ ಮನೆಯ ಹುಡುಗಿ ಆ ಹೊತ್ತಿಗೆ ಓದು ಬಿಟ್ಟು ಗಾರ್ಮೆಂಟ್ಸಿಗೋ ಅಂಗಡಿ ಕೆಲಸಕ್ಕೋ ಸೇರಿರುತ್ತಾಳೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಅದೇ ಕಥೆ. ತಡವಾಗಿ ಬರುವ ದುಡ್ಡು ಕೊನೆಗೆ ಸಿಗೋದು ಅದಿಲ್ಲದೆಯೂ ಹೇಗೋ ವರ್ಷ ತಳ್ಳಿದವರಿಗೆ ಮಾತ್ರ. ಎಷ್ಟು ಕೊಟ್ಟೆವು ಅಂತ ಬಜೆಟ್ಟಿನಲ್ಲಿ ಓದುತ್ತಾರೆ, ಯಾವ ತಿಂಗಳು ಕೊಟ್ಟೆವು ಅಂತ ಯಾಕೆ ಓದಲ್ಲ?

ದುಡ್ಡು ಯಾರು ಹಾಕಬೇಕು ಅನ್ನೋದೂ ಒಂದು ಗಂಟು. ನಮ್ಮಲ್ಲಿ ಪರಿಶಿಷ್ಟ ಜಾತಿ ಮಕ್ಕಳ ಪೋಸ್ಟ್ ಮೆಟ್ರಿಕ್, ಅಂದರೆ ಹತ್ತನೇ ಕ್ಲಾಸಿನ ನಂತರದ, ವಿದ್ಯಾರ್ಥಿವೇತನಕ್ಕೆ ಕೇಂದ್ರ ಶೇ 60, ರಾಜ್ಯ ಶೇ 40 ಅಂತ 2020ರಲ್ಲಿ ತೀರ್ಮಾನವಾಯಿತು. ಎರಡು ಕಡೆಯಿಂದ ದುಡ್ಡು ಬರಬೇಕಾದಾಗ ಕಾಯೋದು ಮಗು. ಜರ್ಮನಿಯಲ್ಲೂ ಮೊದಲು ಬಾಫೋಗ್‌ಗೆ ಕೇಂದ್ರ ಶೇ 65, ರಾಜ್ಯ ಶೇ 35 ಅಂತ ಹಂಚಿಕೆ ಇತ್ತು, 2015ರಿಂದ ಪೂರ್ತಿ ಕೇಂದ್ರವೇ ಹೊತ್ತುಕೊಂಡಿದೆ.

ನಮಗೆ ಗಡುವು ಅಂದರೆ ಗೊತ್ತಿಲ್ಲದ್ದೇನಲ್ಲ. ಪ್ರಮಾಣಪತ್ರ ಇಷ್ಟು ದಿನದಲ್ಲಿ ಕೊಡಬೇಕು, ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ ಅಂತ 2011ರಲ್ಲೇ ಸಕಾಲ ಕಾಯ್ದೆ ಮಾಡಿದ ರಾಜ್ಯ ನಮ್ಮದು. ಅದೇ ಹಟ ವಿದ್ಯಾರ್ಥಿವೇತನ ಖಾತೆಗೆ ಬೀಳೋವರೆಗೂ ಇರಲಿ. ಗಡುವು ದಾಟಿದರೆ ಮುಂಗಡ ಕೊಡಲಿ, ಕಾಗದದ ತಕರಾರು ಆಮೇಲೆ ಬಗೆಹರಿಸಲಿ.

ಇಲ್ಲೂ ಎಲ್ಲಾ ಸರಿ ಇದೆ ಅಂತಲ್ಲ. ಹೇಳಲೇಬೇಕು ಅಂದರೆ, ಬಾಫೋಗ್‌ನಲ್ಲಿ ಸಾಮಾನ್ಯವಾಗಿ ಅರ್ಧ ಪಾಲು ಬಡ್ಡಿಯಿಲ್ಲದ ಸಾಲ, ಮುಂದೆ ತೀರಿಸಬೇಕು, 10,010 ಯೂರೋ ದಾಟದ ಹಾಗೆ. ಬಾಡಿಗೆಗೆ ಅಂತ ಸೇರಿಸುವ 380 ಯೂರೋದಲ್ಲಿ ಮ್ಯೂನಿಕ್‌ನಲ್ಲಿ ರೂಮು ಸಿಗೋದು ಕಷ್ಟ. ನಮ್ಮೂರಿಂದ ಓದಲು ಬರುವ ಮಕ್ಕಳಿಗಂತೂ ಇದು ಸಿಗಲ್ಲ. ಈ ಬಾಫೋಗ್‌ನ ಗರಿಷ್ಠ ಮೊತ್ತ ತಿಂಗಳಿಗೆ 992 ಯೂರೋ, ಅದನ್ನೇ 12ರಿಂದ ಗುಣಿಸಿ 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) ತೋರಿಸಿ ಅಂತ ವೀಸಾಕ್ಕೆ ಕೇಳುತ್ತಾರೆ, ಅದಕ್ಕೆ ಊರಲ್ಲಿ ಅಪ್ಪ ಜಮೀನು ಅಡ ಇಡುತ್ತಾನೆ.

ನಮ್ಮಲ್ಲಿ ಕೊಟ್ಟ ವಿದ್ಯಾರ್ಥಿವೇತನ ವಾಪಸ್ ಕೇಳಲ್ಲ, ಅದೂ ನಿಜ. ಹಿಂದುಳಿದ ವರ್ಗದ ಮಕ್ಕಳ ಬಿಸಿಎಂ ಹಾಸ್ಟೆಲಿನಲ್ಲಿ ಊಟ ಇದೆ, ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ಕೊಡುವ ಏರ್ಪಾಡಿದೆ. ಯೋಜನೆ ಮಾಡಿದವರ ಮನಸ್ಸು ಒಳ್ಳೆಯದೇ, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ತಿಂಗಳಿಗೆ ಅಂತ ಲೆಕ್ಕ ಹಾಕಿದ ದುಡ್ಡು ಆಯಾ ತಿಂಗಳೇ ಬರಬೇಕು.